ಗೆರೆಗುಂಟ ಓಡುವವನು

ಹಮಾಲ ಎರ್ರಿಸ್ವಾಮಿಯ ಕಣ್ಣಿಗೆ ಕಲ್ಲು ಬಿದ್ದ ದಿನದಿಂದ ಉಚ್ಚೀರಪ್ಪ ಕೆಲಸಕ್ಕೆ ಹೋಗುವ ದಾರಿ ಬದಲಿಸಿದ. ಮೊದಲು ಹತ್ತಿ ಮಾರ್ಕೆಟ್ಟಿನ ನಟ್ಟನಡುವೆ ಹಾದು ಜಿನ್ನಿಂಗ್ ಫ್ಯಾಕ್ಟರಿ ಸೇರುತ್ತಿದ್ದವನು ಈಗ ರೈಲು ಹಳಿಯ ಆಚೆ, ಜಾಲಿ ಕಂಟಿಗಳ ನಡುವೆ ಸುತ್ತು ಹಾಕಿ ಹೋಗುತ್ತಿದ್ದ. ಹಿಂದೆ ಯಾರದಾದರೂ ಹೆಜ್ಜೆ ಸಪ್ಪಳ ಜೋರಾದರೆ ನಿಂತುಬಿಡುತ್ತಿದ್ದ. ಅವರು ಮುಂದೆ ಹೋದಮೇಲೆಯೇ ಮತ್ತೆ ನಡಿಗೆ. ಕಲ್ಲು ಎಸೆದವನು ಅವನಲ್ಲ. ಯಾರು ಎಸೆದರೆಂಬುದೂ ಅವನಿಗೆ ಗೊತ್ತಿರಲಿಲ್ಲ. ಆದರೆ ಜಗಳ ಎದ್ದದ್ದು ಅವನ ಆಟದ ಮೇಲೆ. ಹಾಗಾಗಿ ಊರಿನ ಅರ್ಧ ಮಂದಿಯ ಪಾಲಿಗೆ ಕಲ್ಲೂ ಅವನದೇ.

ಎರಡನೇ ಮಹಾಯುದ್ಧ ಸುರುವಾಗುವ ಹಿಂದಿನ ವರ್ಷ ಅದು. ಆದವಾನಿಗೆ ಫುಟ್‌ಬಾಲ್ ಹುಚ್ಚು ಹಿಡಿದಿತ್ತು. ರಣಮಂಡಲ ಬೆಟ್ಟದ ಬುಡದ ಬಯಲಿನಲ್ಲಿ ಟೌನ್ ಟೀಮಿನ ಮ್ಯಾಚ್ ಇದೆಯೆಂದರೆ ಹಮಾಲರು ಹತ್ತಿಯ ಅಂಡಿಗೆ ಹೊರುವುದನ್ನು ಅಲ್ಲಿಗೇ ಬಿಟ್ಟು ಬರುತ್ತಿದ್ದರು, ಕಚೇರಿಯ ಗುಮಾಸ್ತರು ಕೊಡೆ ಹಿಡಿದು ಬರುತ್ತಿದ್ದರು. ಟೀಮಿನಲ್ಲಿ ರೈಟ್ ಔಟ್ ಜಾಗ, ಅಂದರೆ ಬಲಗಡೆಯ ಗೆರೆಗುಂಟ ಚೆಂಡು ಒಯ್ದು ನಡುವಿಗೆ ಕೊಡುವ ಜಾಗ, ಬಹಳ ವರ್ಷಗಳಿಂದ ಪ್ರಾಣೇಶನದು. ತಾಲೂಕು ಕಚೇರಿಯ ಗುಮಾಸ್ತ, ಕೋಟೆ ಓಣಿಯ ಮಾಧ್ವರ ಹುಡುಗ. ಹುಡುಗನೇನು, ಈಗ ಮೂವತ್ತು ದಾಟಿದವನು. ಅವನು ಕೊಟ್ಟ ಚೆಂಡು ಸೆಂಟರ್ ಫಾರ್ವರ್ಡಿನ ಹಣೆಗೆ ಬೊಟ್ಟು ಇಟ್ಟಂತೆ ಬಂದು ಕೂಡುತ್ತಿತ್ತು ಅಂತ ಜನ ಹೇಳುತ್ತಿದ್ದರು.

ಉಚ್ಚೀರಪ್ಪ ಪೆದ್ದಹರಿವಾಣದ ಕುರಿಗಾರರ ಮನೆಯವನು. ಮದುವೆಯಾದ ಮೇಲೆ ಹೆಂಡತಿ ಹುಲುಗಮ್ಮನ ಜೊತೆ ಫ್ಯಾಕ್ಟರಿ ಕೂಲಿಗೆ ಆದವಾನಿಗೆ ಬಂದಿದ್ದ. ಒಂದು ದಿನ ಹತ್ತಿ ಬಂಡಿಯ ಎತ್ತು ಬೆದರಿ ಓಡಿದಾಗ ಇವನು ಬೆನ್ನಟ್ಟಿ, ಪಕ್ಕದಲ್ಲೇ ಓಡಿ, ಮೂಗುದಾರ ಹಿಡಿದು ನಿಲ್ಲಿಸಿದ. ಫ್ಯಾಕ್ಟರಿಯ ಬಾಯ್ಲರ್ ಮೇಸ್ತ್ರಿ ಜಂಬಯ್ಯ ಅದನ್ನು ನೋಡಿದ. ಜಂಬಯ್ಯನೇ ಟೌನ್ ಟೀಮಿನ ಕ್ಯಾಪ್ಟನ್. ಮರುವಾರವೇ ಉಚ್ಚೀರಪ್ಪನನ್ನು ಬರಿಗಾಲಲ್ಲಿ ಬಯಲಿಗೆ ಇಳಿಸಿದ.

ಆಗಿನ ಆಟದಲ್ಲಿ ನಡುವೆ ಬದಲಿ ಇರಲಿಲ್ಲ. ಇಳಿದವನು ಕೊನೆತನಕ ಆಡಬೇಕು, ಉಳಿದವನು ಗೆರೆಯ ಹೊರಗೆ ಕೂತು ನೋಡಬೇಕು. ಜಂಬಯ್ಯ ಒಂದು ಮ್ಯಾಚಿಗೆ ಪ್ರಾಣೇಶನನ್ನು ಹಾಕುತ್ತಿದ್ದ, ಇನ್ನೊಂದಕ್ಕೆ ಉಚ್ಚೀರಪ್ಪನನ್ನು. ಊರು ಎರಡಾಯಿತು: ಫ್ಯಾಕ್ಟರಿಯವರು ಉಚ್ಚೀರಪ್ಪನ ಕಡೆ, ಮಾರ್ಕೆಟ್ಟಿನ ಹಮಾಲರು ಪ್ರಾಣೇಶನ ಕಡೆ. ಬಯಲಿನ ಬದಿಗೆ ಸುಟ್ಟ ಶೇಂಗಾ ಮಾರುತ್ತಿದ್ದ ದಸ್ತಗಿರಮ್ಮನ ಬುಟ್ಟಿಯ ಸುತ್ತ ದಿನಾ ಇದೇ ಮಾತು.

“ಉಚ್ಚೀರ ಓಡಿದ್ರ ಗಾಳಿಗೂ ಸಿಗಂಗಿಲ್ಲ,” ಎಂದು ಫ್ಯಾಕ್ಟರಿಯವರು.

“ಓಡ್ತಾನಪ್ಪ, ಯಾರಿಲ್ಲ ಅಂದ್ರು? ಚೆಂಡು ಹಿಂದs ಉಳದಿರತೈತಿ,” ಎಂದು ಮಾರ್ಕೆಟ್ಟಿನವರು.

ದಸ್ತಗಿರಮ್ಮ ಶೇಂಗಾ ಅಳೆಯುತ್ತ ಹೇಳುತ್ತಿದ್ದಳು: “ಆ ಹುಡುಗ ಹೆದರ್ತಾನ. ನಾ ಹತ್ರದಿಂದ ನೋಡೀನಿ. ಬೂಟು ಕಂಡ್ರ ಕಣ್ಣು ಮುಚ್ತಾನ.”

ಅವಳು ಹೇಳಿದ್ದು ನಿಜ. ಗುಂತಕಲ್ಲಿನಲ್ಲಿ ಆಡಿದ ಒಂದು ಮ್ಯಾಚಿನಲ್ಲಿ ಅಲ್ಲಿಯ ಫುಲ್‌ಬ್ಯಾಕ್, ಪೀಟರ್ಸ್ ಎಂಬ ಆಳೆತ್ತರದ ಆಂಗ್ಲೋ-ಇಂಡಿಯನ್, ಚೆಂಡಿಗೆ ಬೀಸಿದ ಬೂಟು ಉಚ್ಚೀರಪ್ಪನ ಮೊಳಕಾಲಿನ ಕೆಳಗೆ ಬಿದ್ದಿತ್ತು. ಎಲುಬು ಮುರಿಯಲಿಲ್ಲ. ಆದರೆ ಆ ಸಪ್ಪಳ ಅವನ ಕಿವಿಯಲ್ಲಿ ಉಳಿಯಿತು, ಒಣ ಜಾಲಿ ಟೊಂಗೆ ಮುರಿದಂತೆ. ಕಾಲು ಹೋದರೆ ಫ್ಯಾಕ್ಟರಿ ಕೆಲಸವೂ ಹೋಗುತ್ತದೆ, ಕುರಿ ಹಿಂದೆ ತಿರುಗುವುದೂ ಹೋಗುತ್ತದೆ. ಅಂದಿನಿಂದ ಬೂಟು ಹತ್ತಿರ ಬಂತೆಂದರೆ ಅವನ ಕಾಲು ತಾನಾಗಿ ಪಕ್ಕಕ್ಕೆ ಹಾರುತ್ತಿತ್ತು. ಚೆಂಡನ್ನು ಬೇಗ ಬಿಟ್ಟುಬಿಡುತ್ತಿದ್ದ. ಜಂಬಯ್ಯನಿಗೆ ಹೇಳಲು ನಾಚಿಕೆ. ಹುಲುಗಮ್ಮನಿಗೆ ಮಾತ್ರ ಹೇಳಿದ್ದ.

ಬಳ್ಳಾರಿಯವರ ಜೊತೆ ಆಡಿದ ದಿನ ಅದು ಎಲ್ಲರ ಕಣ್ಣಿಗೂ ಬಿತ್ತು. ಎದುರಿಗೆ ಗೋಲು ಬಿಟ್ಟರೆ ಯಾರೂ ಇಲ್ಲ. ಬದಿಯಿಂದ ಒಬ್ಬ ಬೂಟಿನವನು ಓಡಿ ಬಂದ. ಉಚ್ಚೀರಪ್ಪ ಚೆಂಡು ಬಿಟ್ಟು ಹಾರಿ ನಿಂತ. ಟೀಮು ಸೋತಿತು. ವಾಪಸು ಹೋಗುವ ದಾರಿಯಲ್ಲಿ ಹಮಾಲ ಎರ್ರಿಸ್ವಾಮಿ ಜೋರಾಗಿ ನಕ್ಕು, ಸೀರೆ ಉಡಿಸಿ ಕಳಿಸಿರಿ ಅವನನ್ನು ಅಂದನಂತೆ. ಫ್ಯಾಕ್ಟರಿಯವರು ತಿರುಗಿ ಬಿದ್ದರು. ಎರಡೂ ಕಡೆಯಿಂದ ಕಲ್ಲು ಹಾರಿದವು. ಒಂದು ಎರ್ರಿಸ್ವಾಮಿಯ ಎಡಗಣ್ಣಿಗೆ ಬಿತ್ತು. ಆ ಕಣ್ಣಿಗೆ ಇನ್ನು ಬೆಳಕು ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಎರ್ರಿಸ್ವಾಮಿಯ ಅಣ್ಣ ಪಕೀರಪ್ಪ, ಎರಡು ಆಳು ಹೊರುವ ಅಂಡಿಗೆಯನ್ನು ಒಬ್ಬನೇ ಹೊರುವವನು, ಮಾರ್ಕೆಟ್ಟಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: “ಗುಂತಕಲ್ ಟೀಮು ಕಪ್ಪಿನ ಮ್ಯಾಚಿಗೆ ಬರ್ತೈತಲ್ಲ, ಅವತ್ತು ಉಚ್ಚೀರ ಬಯಲಿಗೆ ಇಳೀಲಿ. ಬೂಟಿನವ ಬಿಟ್ರೂ ನಾ ಬಿಡಂಗಿಲ್ಲ. ಅವನ ಕಾಲು ನಂದು.”

ಅದೇ ಸಂಜೆ ಫ್ಯಾಕ್ಟರಿಯ ಕೆಲವರು ಉಚ್ಚೀರಪ್ಪನ ಬಾಗಿಲಿಗೆ ಬಂದರು. “ನೀ ಆಡ್ಬೇಕು. ಆಡ್ಲಿಲ್ಲಂದ್ರ ನಮ್ಮ ಮರ್ಯಾದಿ ಏನಾತು? ಹಂಗ ಮಾಡಿದ್ರ ಈ ಓಣಿಯಾಗ ನಿನಗ ನೀರು ಹುಟ್ಟಂಗಿಲ್ಲ ನೋಡು,” ಎಂದು ಹೇಳಿ, ನಗುತ್ತಲೇ ಅವನ ಹೆಗಲು ತಟ್ಟಿ ಹೋದರು. ಆ ನಗುವೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಉಚ್ಚೀರಪ್ಪ ಜಂಬಯ್ಯನ ಹತ್ತಿರ ಹೋದ. ಬಾಯ್ಲರಿನ ಬಿಸಿಗೆ ಜಂಬಯ್ಯನ ಮುಖ ಕೆಂಪಾಗಿತ್ತು.

“ಅಣ್ಣಾ, ನನ್ನ ಬಿಟ್ಟುಬಿಡ್ರಿ. ಪ್ರಾಣೇಶಪ್ಪನವ್ರು ಆಡ್ಲಿ.”

“ಯಾಕ?”

ಉಚ್ಚೀರಪ್ಪ ನೆಲ ನೋಡಿದ. ಜಂಬಯ್ಯ ಕಲ್ಲಿದ್ದಲು ಸಲಿಕೆ ಕೆಳಗಿಟ್ಟ. “ಅವ್ರೂ ನಿನ್ನೆ ಬಂದು ಇದನ್ನs ಹೇಳಿದ್ರು. ಉಚ್ಚೀರ ಆಡ್ಲಿ ಅಂತ. ಇಬ್ರೂ ಒಲ್ಲೆ ಅಂದ್ರ ನಾ ಯಾರನ್ನ ಇಳಸ್ಲಿ, ನಮ್ಮವ್ವನ್ನ? ಮ್ಯಾಚಿನ ದಿನ ಹೇಳ್ತೀನಿ. ಹೋಗು.”

ಉಚ್ಚೀರಪ್ಪ ಮನೆಗೆ ಬಂದು ಕೂತ. ಹುಲುಗಮ್ಮ ಅವನ ಮುಖ ನೋಡಿ, ಎದ್ದು, ಎರಡು ಸೀರೆ, ಒಂದು ಧೋತರ ಗಂಟು ಕಟ್ಟಿದಳು.

“ಕೋಸಗಿಗೆ ಹೋಗೋಣು. ನಮ್ಮಕ್ಕ ಲಿಂಗಕ್ಕನ ಮನ್ಯಾಗ ಇರೋಣು. ಮ್ಯಾಚ್ ಮುಗದ ಮ್ಯಾಲೆ ಬಂದ್ರಾತು.”

“ಮಂದಿ ಏನಂತಾರ?”

“ಹೇಡಿ ಅಂತಾರ. ಅನ್ಲಿ. ಕಾಲಿದ್ದ ಹೇಡಿ ನಂಗ ಬೇಕು.”

ಮ್ಯಾಚಿನ ದಿನ ಬೆಳಗಿನ ಹೊತ್ತಿಗೆ ಇಬ್ಬರೂ ಆದವಾನಿ ಸ್ಟೇಷನ್ನಿನ ಕೊನೆಗೆ, ರೈಲಿಗೆ ಹೇರಲು ಒಟ್ಟಿದ್ದ ಹತ್ತಿ ಅಂಡಿಗೆಗಳ ಮರೆಗೆ ಕೂತರು. ಗುಂತಕಲ್ಲಿನಿಂದ ಬಂದು ಕೋಸಗಿ ಕಡೆ ಹೋಗುವ ಪ್ಯಾಸೆಂಜರ್ ಇನ್ನೂ ಬಂದಿರಲಿಲ್ಲ. ಉಚ್ಚೀರಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದ. ಅಂಡಿಗೆಯ ಆಚೆ ಬದಿಯಲ್ಲಿ ಯಾರೋ ಕೆಮ್ಮಿದರು. ಅವನು ಉಸಿರು ಹಿಡಿದ. ಆಚೆಯವರೂ ಉಸಿರು ಹಿಡಿದಂತಿತ್ತು. ಕೊನೆಗೆ ಹುಲುಗಮ್ಮ ಬಗ್ಗಿ ನೋಡಿದಳು.

ಅಲ್ಲಿ ಪ್ರಾಣೇಶ ಕೂತಿದ್ದ. ಪಕ್ಕದಲ್ಲಿ ಅವನ ತಾಯಿ ಅಂಬೂಬಾಯಿ, ಮಡಿಲಲ್ಲಿ ಮಡಿಬಟ್ಟೆಯ ಗಂಟು.

ಉಚ್ಚೀರಪ್ಪ ಮುಖದ ಮೇಲಿನ ಟವೆಲು ಸರಿಸಿದ.

“ಎಲ್ಲಿಗ್ರೀ ಸ್ವಾಮಿ?” ಎಂದ ಉಚ್ಚೀರಪ್ಪ.

“ಮಂತ್ರಾಲಯಕ್ಕ. ರಾಯರ ದರ್ಶನಕ್ಕ,” ಎಂದ ಪ್ರಾಣೇಶ. “ನೀನು?”

“ಕೋಸಗಿಗೆ. ಬೀಗರ ಮನಿಗೆ.”

“ಇವತ್ತs?”

“ಹ್ಞೂಂರಿ. ಇವತ್ತs.”

ಇಬ್ಬರೂ ತಲೆ ತಗ್ಗಿಸಿದರು. ಅಂಬೂಬಾಯಿ ಹುಲುಗಮ್ಮನ ಕಡೆ ತಿರುಗಿದಳು. “ನಿಮ್ಮ ಕಡೆಯವ್ರು ನಮ್ಮ ಮಾಳಿಗಿ ಮ್ಯಾಲೆ ಕಲ್ಲು ಒಗದಾರವಾ. ದೇವರ ಮನಿ ಬೆಳಕಿಂಡಿಯಿಂದ ಒಂದು ಒಳಗ ಬಿತ್ತು. ಇರೋನು ಒಬ್ಬ ಮಗ. ಎಲ್ಲಿ ಮುಚ್ಚಿ ಇಡ್ಲಿ ಇವನ್ನ?”

“ನಮಗ ಕಾಲು ಮುರೀತೀವಿ ಅಂದಾರವ್ವಾ, ನಿಮ್ಮ ಕಡೆಯವ್ರು,” ಎಂದಳು ಹುಲುಗಮ್ಮ. ಅಂಬೂಬಾಯಿ ಸ್ವಲ್ಪ ಸರಿದು, ನೆರಳಿನಲ್ಲಿ ಜಾಗ ಬಿಟ್ಟಳು.

ರೈಲು ಬಂತು. ಉಚ್ಚೀರಪ್ಪನೂ ಪ್ರಾಣೇಶನೂ ಒಂದು ಮಾತು ಮರೆತಿದ್ದರು: ಗುಂತಕಲ್ ಟೀಮು ಬರುವುದೂ ಅದೇ ರೈಲಿನಲ್ಲಿ. ಎದುರು ಟೀಮಿನವರನ್ನು ನೋಡಲು ಊರ ಮಂದಿ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದರು. ಪೀಟರ್ಸ್ ಹೆಗಲಿಗೆ ಬೂಟು ನೇತುಹಾಕಿಕೊಂಡು ಇಳಿದ. ಆ ಬೂಟು ಕಂಡದ್ದೇ ಉಚ್ಚೀರಪ್ಪನ ಕಾಲು ನೆಲಕ್ಕೆ ಅಂಟಿತು. ಹುಲುಗಮ್ಮ ಎಳೆದರೂ ಬರಲಿಲ್ಲ.

“ಅಲ್ನೋಡ್ರೋ! ಉಚ್ಚೀರ ಓಡಿ ಹೊಂಟಾನ!”

ಕೂಗಿದ್ದು ಯಾರೋ. ಮಂದಿ ಇತ್ತ ತಿರುಗಿತು. ಫ್ಯಾಕ್ಟರಿಯವರು ಒಂದು ಕಡೆಯಿಂದ, ಹಮಾಲರು ಇನ್ನೊಂದು ಕಡೆಯಿಂದ. ಒಬ್ಬ ಬಲಗೈ ಹಿಡಿದ: “ಎಲ್ಲಿಗೋ? ನಮ್ಮ ಮುಖಕ್ಕ ಮಸಿ ಬಳದು ಎಲ್ಲಿಗೆ ಹೊಂಟಿ?” ಎಡಗೈಯನ್ನು ಪಕೀರಪ್ಪ ಹಿಡಿದ. ಆ ಹಿಡಿತಕ್ಕೆ ಉಚ್ಚೀರಪ್ಪನ ಬೆರಳುಗಳು ಜೋಮು ಹಿಡಿದವು. ಪಕೀರಪ್ಪ ಕೂಗಲಿಲ್ಲ. ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದ: “ಬಯಲಿಗೆ ಇಳದ್ಯೋ, ಸತ್ತಿ.”

ಪ್ರಾಣೇಶ ಅಷ್ಟರಲ್ಲಿ ತಾಯಿಯ ಗಂಟನ್ನು ರೈಲು ಡಬ್ಬಿಯ ಒಳಗಿಟ್ಟು ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದ. ಅವನನ್ನು ಯಾರೂ ನೋಡಿರಲಿಲ್ಲ. ಹತ್ತಿದ್ದರೆ ಹೋಗಿಬಿಡುತ್ತಿದ್ದ. “ಹತ್ತೋ ಪ್ರಾಣೇಶ,” ಎಂದು ಅಂಬೂಬಾಯಿ ಬೆನ್ನಿಗೆ ಕೈ ಕೊಟ್ಟು ನೂಕಿದಳು. ಅವನು ತಿರುಗಿ ನೋಡಿದ. ಎರಡೂ ಕಡೆ ಎಳೆಯುವವರ ನಡುವೆ ಉಚ್ಚೀರಪ್ಪ ಅಳುವ ಮುಖ ಮಾಡಿ ನಿಂತಿದ್ದ. ಪ್ರಾಣೇಶ ಇಳಿದ.

“ಪಕೀರಪ್ಪ, ಅವನ ಕೈ ಬಿಡು.”

“ಸ್ವಾಮಿ, ನಿಮ್ಮ ಸಲುವಾಗಿ ನನ್ನ ತಮ್ಮ ಕಣ್ಣು ಕಳಕೊಂಡಾನ!”

“ಗೊತ್ತದ. ಅದಕ್ಕs ನನಗ ಊಟ ಸೇರವಲ್ದು.” ಪ್ರಾಣೇಶ ಧೋತರ ಎತ್ತಿ ಮಂಡಿ ತೋರಿಸಿದ. ಅದು ಊದಿ ಕಪ್ಪಾಗಿತ್ತು. “ಇದು ಹೋಗಿ ಭಾಳ ದಿನ ಆತು. ಯಾರಿಗೂ ಹೇಳಿದ್ದಿಲ್ಲ, ಜಾಗ ಹೋಗ್ತದಂತ. ಇವತ್ತು ನಾ ಇಳದ್ರ ಟೀಮ್ ಹತ್ತs ಮಂದಿ. ರೈಟ್ ಔಟ್ ಉಚ್ಚೀರಪ್ಪನs. ಹೊಡೀಬೇಕಂದ್ರ ಮೊದಲು ನನ್ನ ಹೊಡೀರಿ.”

ರೈಲು ಸೀಟಿ ಹಾಕಿತು. ಅಂಬೂಬಾಯಿಯ ಮಡಿಬಟ್ಟೆಯ ಗಂಟು ಒಂದೇ ಮಂತ್ರಾಲಯದ ಕಡೆ ಹೊರಟುಹೋಯಿತು. ಪಕೀರಪ್ಪ ಕೈ ಬಿಟ್ಟ. ಆದರೆ ಕಣ್ಣು ಬಿಡಲಿಲ್ಲ.

ಉಚ್ಚೀರಪ್ಪನಿಗೆ ಅಳು ಬಂತು. ಎಲ್ಲರೂ ಅವನ ಬಗ್ಗೆಯೇ ಮಾತಾಡಿದ್ದರು, ಆದರೆ ಆಡುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ. ಹುಲುಗಮ್ಮ ಗಂಟು ಎತ್ತಿಕೊಂಡು ಅವನ ಹಿಂದೆ ನಡೆದಳು.

ಬಿಸಿಲು ಇಳಿಯುವ ಹೊತ್ತಿಗೆ ಆಟ ಸುರುವಾಯಿತು. ಪ್ರಾಣೇಶ ಲೈನ್ಸ್‌ಮನ್ ಬಾವುಟ ಕೇಳಿ ಪಡೆದು ರಸ್ತೆ ಕಡೆಯ ಗೆರೆಯ ಮೇಲೆ ನಿಂತ. ಮೊದಲರ್ಧದಲ್ಲಿ ಉಚ್ಚೀರಪ್ಪ ಓಡಬೇಕಾದ್ದು ಅದೇ ಗೆರೆಗುಂಟ. ಪ್ರಾಣೇಶ ಕುಂಟುತ್ತ, ಮಂದಿಗೂ ಉಚ್ಚೀರಪ್ಪನಿಗೂ ನಡುವೆ, ಅವನ ಜೊತೆಗೇ ಬರುತ್ತಿದ್ದ. “ಉಸಿರು ತಗೋ,” “ಪೀಟರ್ಸ್ ಬರ್ಲಿಕತ್ಯಾನ, ಕೊಡು, ಕೊಡು,” ಎಂದು ಮೆಲ್ಲಗೆ ಹೇಳುತ್ತಿದ್ದ. ಉಚ್ಚೀರಪ್ಪ ಹೇಳಿದ ಹಾಗೆ ಕೊಟ್ಟ. ಬೂಟು ಬಂದಾಗ ಹಾರಿದ. ಮಂದಿಯಲ್ಲಿ ನಗು ಎದ್ದಿತು. ಗುಂತಕಲ್ಲಿನವರು ಒಂದು ಗೋಲು ಹಾಕಿದರು. ಆದರೂ ಕಾಲು ಉಳಿದಿತ್ತು.

ಅರ್ಧ ಆಟ ಮುಗಿದು ಎರಡೂ ಟೀಮು ಗೋಲು ಬದಲಿಸಿದಾಗ ಉಚ್ಚೀರಪ್ಪನಿಗೆ ಹೊಳೆಯಿತು: ಇನ್ನು ಬಲಗಡೆ ಅಂದರೆ ಹುಣಸೇಮರದ ಕಡೆಯ ಗೆರೆ. ಪ್ರಾಣೇಶ ತನ್ನ ಗೆರೆ ಬಿಟ್ಟು ಬರುವಂತಿಲ್ಲ. ಹುಣಸೇಮರದ ಕೆಳಗೆ ಹಮಾಲರು ಕೂತಿದ್ದರು. ಎಲ್ಲರಿಗಿಂತ ಮುಂದೆ, ಗೆರೆಗೆ ಕಾಲು ತಾಗಿಸಿಕೊಂಡು, ಪಕೀರಪ್ಪ.

ಉಚ್ಚೀರಪ್ಪ ಆ ಕಡೆ ಹೋಗಲೇ ಇಲ್ಲ. ಬಯಲಿನ ನಡುವೆಯೇ ಸುತ್ತಾಡಿದ. ಜಂಬಯ್ಯ ಹಿಂದಿನಿಂದ ಚೀರುತ್ತಿದ್ದ: “ನಿನ್ನ ಜಾಗಕ್ಕ ಹೋಗೋ! ಜಾಗಕ್ಕ!” ಕೊನೆಗೆ ಚೆಂಡೇ ಅತ್ತ ಉರುಳಿ, ಗೆರೆ ದಾಟಿ, ಪಕೀರಪ್ಪನ ಮಡಿಲಿಗೆ ಹೋಗಿ ಕೂತಿತು. ರೆಫರಿ ಉಚ್ಚೀರಪ್ಪನಿಗೆ ಕೈ ತೋರಿಸಿದ, ತಾ ಎಂದು.

ಅವನು ಹೋದ. ಪಕೀರಪ್ಪ ಚೆಂಡನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದ.

“ತಗೋ,” ಎಂದ.

ಉಚ್ಚೀರಪ್ಪ ಬಗ್ಗಿ ಕೈ ಚಾಚಿದಾಗ ಪಕೀರಪ್ಪ ಅವನ ಮಣಿಕಟ್ಟು ಹಿಡಿದ. “ಆಟ ಮುಗದ ಮ್ಯಾಲೆ ನಮ್ಮನಿಗೆ ಬರ್ಬೇಕು. ತಪ್ಪಿಸ್ಕೊಂಡ್ಯೋ, ನಿಮ್ಮ ಪೆದ್ದಹರಿವಾಣದ ತನಕ ಬರ್ತೀನಿ.”

ಅಷ್ಟೇ ಹೇಳಿ ಬಿಟ್ಟ.

ಆಮೇಲಿನ ಆಟ ಉಚ್ಚೀರಪ್ಪನಿಗೆ ತುಂಡು ತುಂಡಾಗಿ ಮಾತ್ರ ನೆನಪುಳಿಯಿತು. ಧೂಳು. ಯಾರೋ ಅವನ ಹೆಸರು ಕೂಗಿದ್ದು. ಚೆಂಡು ಕಾಲಿಗೆ ಬಂದಿತ್ತು. ಎಂದಿನಂತೆ ಗೆರೆಗುಂಟ ಓಡಿದರೆ ಪಕೀರಪ್ಪನ ಮುಂದೆಯೇ ಹಾಯಬೇಕು. ಎದುರಿಗೆ ಪೀಟರ್ಸ್, ಇವನು ಗೆರೆಗುಂಟ ಬರುತ್ತಾನೆಂದು ಆ ಕಡೆಗೇ ವಾಲಿ ಕಾಯುತ್ತಿದ್ದ. ಒಂದು ಕ್ಷಣ ಉಚ್ಚೀರಪ್ಪನಿಗೆ ಎರಡು ಹೆದರಿಕೆಗಳೂ ಒಟ್ಟಿಗೆ ಕಂಡವು. ಬೂಟು ಚಿಕ್ಕದಾಗಿ ಕಂಡಿತು. ಅವನು ಗೆರೆ ಬಿಟ್ಟು ಒಳಕ್ಕೆ ಕತ್ತರಿಸಿದ, ನೆಟ್ಟಗೆ ಪೀಟರ್ಸನ ಬಲಬದಿಯಿಂದ. ಬೂಟು ಬೀಸಿತು. ಹಿಮ್ಮಡಿಯ ಮೇಲೆ ಬಿತ್ತು. ಬೀಳುತ್ತ ಬೀಳುತ್ತ ಎಡಗಾಲಿನಿಂದ ಒದ್ದ. ಗೋಲ್‌ಕೀಪರ್ ಎದೆಯೊಡ್ಡಿ ತಡೆದ ಚೆಂಡು ಸೆಂಟರ್ ಫಾರ್ವರ್ಡಿನ ಕಾಲಿಗೆ ಸಿಕ್ಕಿ ಒಳಗೆ ಹೋಯಿತು.

ಮಂದಿ ಎದ್ದು ಕುಣಿಯಿತು. ಉಚ್ಚೀರಪ್ಪ ನೆಲದಲ್ಲಿ ಬಿದ್ದಲ್ಲೇ ತನ್ನ ಕಾಲನ್ನು ಎರಡೂ ಕೈಯಿಂದ ತಡವಿ ನೋಡುತ್ತಿದ್ದ. ಎಲುಬು ಗಟ್ಟಿಯಿತ್ತು. ಪೀಟರ್ಸ್ ಬಗ್ಗಿ, ತನಗೆ ಬರುವ ತೆಲುಗಿನಲ್ಲಿ “ಬಾಗುಂದಾ?” ಎಂದು, ಕಾಲು ಸರಿಯಿದೆಯಾ ಎಂದು ಕೇಳಿ, ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ.

ಒಂದಕ್ಕೊಂದು ಗೋಲಿನಲ್ಲಿ ಆಟ ಮುಗಿಯಿತು. ಕಪ್ಪು ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ ಎಂದಾಯಿತು. ಮಂದಿ ಚದುರುವ ಮೊದಲೇ ವಾದ ಎದ್ದಿತ್ತು. ಉಚ್ಚೀರನೇ ಗೋಲು ಮಾಡಿಸಿದ ಎಂದು ಕೆಲವರು. ನಡುವಿಗೆ ಕೊಡುವುದು ಬಿಟ್ಟು ದಿಕ್ಕು ತಪ್ಪಿ ಓಡಿದ, ಅದೃಷ್ಟ ಅಷ್ಟೇ ಎಂದು ಕೆಲವರು. ಜಂಬಯ್ಯ ಅವನನ್ನು ಅಪ್ಪಿಕೊಂಡ. ಅವನ ಹೆಗಲ ಮೇಲಿಂದ ಉಚ್ಚೀರಪ್ಪನಿಗೆ ಕಂಡದ್ದು ಪಕೀರಪ್ಪ, ಮರಕ್ಕೆ ಒರಗಿ ಕಾಯುತ್ತ ನಿಂತವನು.

“ಪಕೀರಪ್ಪ ಮನಿಗೆ ಕರದಾನ. ನಾ ಹೋಗ್ಲೇಬೇಕು,” ಎಂದ ಉಚ್ಚೀರಪ್ಪ, ಪ್ರಾಣೇಶನಿಗೆ. “ಇಲ್ಲಾಂದ್ರ ಬದುಕಿರೋ ತನಕ ಹಿಂದ ನೋಡ್ಕೋತನs ಇರ್ಬೇಕು.”

ಪ್ರಾಣೇಶ ಬಾವುಟ ಸುತ್ತಿ ಕಂಕುಳಲ್ಲಿಟ್ಟ. “ನನ್ನ ಹೆಸರೂ ಅದರಾಗ ಅದ. ನಾನೂ ಬರ್ತೀನಿ.”

ಸೂರ್ಯ ಮುಳುಗುವ ಹೊತ್ತು. ಮಾರ್ಕೆಟ್ಟಿನ ಹಿಂದಿನ ಓಣಿ ಕಿರಿದು. ಪಕೀರಪ್ಪ ಮುಂದೆ, ಇವರಿಬ್ಬರು ಹಿಂದೆ. ಓಣಿಯ ಬಾಗಿಲುಗಳಲ್ಲಿ ಹಮಾಲರ ಹೆಂಗಸರು ನಿಂತು ನೋಡುತ್ತಿದ್ದರು. ಪಕೀರಪ್ಪ ಒಂದು ತಗ್ಗು ಬಾಗಿಲ ಮುಂದೆ ನಿಂತು, “ಒಳಗ ನಡೀರಿ,” ಎಂದ.

ಒಳಗೆ ಹಗ್ಗ ಹೆಣೆದ ನುಲಕಿ ಮಂಚದ ಮೇಲೆ ಎರ್ರಿಸ್ವಾಮಿ ಕೂತಿದ್ದ. ಅರ್ಧ ಮುಖಕ್ಕೆ ಬಿಳಿ ಬಟ್ಟೆ ಸುತ್ತಿತ್ತು. ಉಳಿದ ಒಂದು ಕಣ್ಣಿನಿಂದ ಉಚ್ಚೀರಪ್ಪನನ್ನು ಬಹಳ ಹೊತ್ತು ನೋಡಿದ.

“ನಾ ಒಗದಿಲ್ಲಣ್ಣಾ,” ಎಂದ ಉಚ್ಚೀರಪ್ಪ. “ಯಾರು ಒಗದ್ರು ಗೊತ್ತಿಲ್ಲ. ನಿನ್ನ ನೋಡಾಕ ಬರ್ಬೇಕಿತ್ತು. ಹೆದರಿ ಬರ್ಲಿಲ್ಲ.”

“ನೀ ಒಗದಿಲ್ಲಂತ ನಂಗೊತ್ತು. ನೀ ಒಗದ್ರ ಇಷ್ಟು ಗುರಿ ಎಲ್ಲಿಂದ ಬರ್ಬೇಕು?” ಎಂದ ಎರ್ರಿಸ್ವಾಮಿ. “ಕೂಡು. ಆಟ ಹೇಳು. ಇವ್ರ್ಯಾರಿಗೂ ಹೇಳಾಕ ಬರಂಗಿಲ್ಲ. ಅದಕ್ಕs ಅಣ್ಣಗ ಹೇಳಿದ್ದೆ, ಯಾರರೆ ಆಡಿದವ್ರನ್ನ ಕರ್ಕೊಂಡು ಬಾ ಅಂತ.”

ಉಚ್ಚೀರಪ್ಪ ಪಕೀರಪ್ಪನ ಕಡೆ ನೋಡಿದ. ಪಕೀರಪ್ಪ ಗೋಡೆ ನೋಡುತ್ತಿದ್ದ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ತಮ್ಮನ ಮಾತಿಗಾಗಿ ಮಾತ್ರ ಸುಮ್ಮನಿದ್ದ.

ಉಚ್ಚೀರಪ್ಪ ನೆಲದ ಮೇಲೆ ಕೂತು ಹೇಳತೊಡಗಿದ. ತಪ್ಪಿದಲ್ಲಿ ಪ್ರಾಣೇಶ ಸೇರಿಸಿದ. ಗೋಲಿನ ಮಾತು ಬಂದಾಗ ಎರ್ರಿಸ್ವಾಮಿ ಕೈ ಎತ್ತಿ ತಡೆದ.

“ಅಲ್ಲಿ ಯಾಕ ಒಳಗ ಹೋದಿ? ಗೆರಿಗುಂಟ ಹೋಗಿ ನಡುವಿಗೆ ಕೊಡ್ಬೇಕಿತ್ತು. ಪ್ರಾಣೇಶಪ್ಪನವ್ರು ಇದ್ದಿದ್ರ ಹಂಗs ಮಾಡ್ತಿದ್ರು. ಕಪ್ಪು ಪೂರ್ತಿ ನಮ್ಮದಾಗ್ತಿತ್ತು.”

“ಗೆರಿ ಮ್ಯಾಲೆ ನಿಮ್ಮಣ್ಣ ಕುಂತಿದ್ದ,” ಎಂದ ಉಚ್ಚೀರಪ್ಪ. ಹೇಳಿದ ಮೇಲೆ ತಾನೇ ಗಾಬರಿಯಾದ.

ಎರ್ರಿಸ್ವಾಮಿ ನಕ್ಕ. ನಕ್ಕರೆ ಗಾಯ ಎಳೆಯುತ್ತಿತ್ತು, ಬಟ್ಟೆಯನ್ನು ಒತ್ತಿ ಹಿಡಿದುಕೊಂಡೇ ನಕ್ಕ. ಆಮೇಲೆ ಇದ್ದಕ್ಕಿದ್ದಂತೆ ನಗು ನಿಂತು, ಆ ಒಂದು ಕಣ್ಣಲ್ಲಿ ನೀರು ತುಂಬಿತು. ಅವನ ತಾಯಿ ಬಸವಕ್ಕ ಮಜ್ಜಿಗೆ ತಂದು ಕೊಟ್ಟಳು. ಉಚ್ಚೀರಪ್ಪ ಎರಡೂ ಕೈಯಿಂದ ತಗೊಂಡು ಕುಡಿದ.

ಪ್ರಾಣೇಶ ಮತ್ತೆ ಆಡಲಿಲ್ಲ. ಆ ವರ್ಷದ ಉಳಿದ ಮ್ಯಾಚುಗಳಿಗೆಲ್ಲ ಉಚ್ಚೀರಪ್ಪನೇ ಇಳಿದ. ಊರು ಅವನ ಬಗ್ಗೆ ಒಂದು ಮಾತಿಗೆ ಬರಲೇ ಇಲ್ಲ.

ಆ ಸಂಜೆ ಎರ್ರಿಸ್ವಾಮಿಯ ಮನೆಯಿಂದ ಹೊರಬಂದಾಗ ಓಣಿ ಕತ್ತಲಾಗಿತ್ತು. ಒಬ್ಬನಿಗೆ ಮಂಡಿ ನೋವು, ಇನ್ನೊಬ್ಬನಿಗೆ ಹಿಮ್ಮಡಿ. ಗೋಡೆ ಹಿಡಿದುಕೊಂಡು, ಕುಂಟುತ್ತ, ಇಬ್ಬರೂ ಮಾರ್ಕೆಟ್ಟಿನ ಬೆಳಕಿನ ಕಡೆ ನಡೆದರು. ಓಣಿಯ ಬಾಯಲ್ಲಿ ಹುಲುಗಮ್ಮನೂ ಅಂಬೂಬಾಯಿಯೂ ಒಬ್ಬರ ಪಕ್ಕ ಒಬ್ಬರು ನಿಂತು ಕಾಯುತ್ತಿದ್ದರು.